ದಯವಿಟ್ಟು ಯಾರಾದರೂ ನನ್ನ ಬಗ್ಗೆ ತೀರ್ಪು ಕೊಡಿ

ಬೈಯುವವರ ಹೆದರಿಕೆ ನನಗೆ ಮೊದಲಿನಿಂದಲೂ ಅಷ್ಟಾಗಿ ಇಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು ಬೈಗುಳಕ್ಕೆ ಹೆದರಿದರೆ ಬದುಕುವುದು ಕಷ್ಟ. ಹೆಡ್ಮಾಸ್ತರರು ಎದುರಿಗೆ ಬೈಯುತ್ತಾರೆ, ಪಾಲಕರು ಫೋನಿನಲ್ಲಿ ಬೈಯುತ್ತಾರೆ, ಮಕ್ಕಳು ನಾನು ಬೋರ್ಡಿನ ಕಡೆ ತಿರುಗಿದಾಗ ಬೈಯುತ್ತಾರೆ. ಬೈದವರಿಗೆ ಉತ್ತರ ಕೊಡಬಹುದು, ತಿರುಗಿ ಬೈಯಬಹುದು, ಏನೂ ಆಗದಿದ್ದರೆ ಕೇಳಿಸದವರ ಹಾಗೆ ಕೂತುಬಿಡಬಹುದು. ಆದರೆ ನಮ್ಮನ್ನು ಕಂಡೊಡನೆ ಮುಖದ ಮೇಲೆ ಒಂದಿಷ್ಟು ಮರುಕ ತಂದುಕೊಂಡು, ತಲೆಯನ್ನು ಓರೆ ಮಾಡಿ, ದನಿ ಇಳಿಸಿ, 'ಇರಲಿ ಬಿಡಿ, ನಾವು ಏನೂ ಅನ್ನುವುದಿಲ್ಲ' ಎಂದು ಕ್ಷಮಿಸಿಯೇಬಿಡುವವರಿದ್ದಾರಲ್ಲ, ಅವರ ಮುಂದೆ ಏನು ಮಾಡಬೇಕು ಎಂಬುದು ನನಗೆ ಈ ವಯಸ್ಸಿನಲ್ಲೂ ಗೊತ್ತಾಗಿಲ್ಲ. ಕಳೆದ ತಪಸ್ಸುಕಾಲದಲ್ಲಿ ಹೊನ್ನಾವರದ ನಮ್ಮ ವಾರ್ಡಿನವರೆಲ್ಲ ಸೇರಿ ನನ್ನನ್ನು ಹೀಗೆ ಕ್ಷಮಿಸಿದರು. ಅದರಲ್ಲಿ ನಾನು ಸೊರಗಿ ಅರ್ಧ ಆಗಿಹೋದೆ.

ತಪಸ್ಸುಕಾಲವೆಂದರೆ ಈಸ್ಟರಿಗೆ ಮುಂಚಿನ ಉಪವಾಸ ಪ್ರಾರ್ಥನೆಗಳ ದಿನಗಳು. ಕ್ರೈಸ್ತರಾದ ನಾವು ಆಗ ಮಾಂಸ ಬಿಡುತ್ತೇವೆ. ಬಯಲುಸೀಮೆಯವರಿಗೆ ಅದು ತಪಸ್ಸಾಗಿರಬಹುದು. ಸಮುದ್ರದ ದಂಡೆಯಲ್ಲಿ ಕೂತು ಕೋಳಿ ಬಿಟ್ಟು ಇಸ್ವಾಣ ಮೀನು ಹುರಿದು ತಿನ್ನುವುದನ್ನು ತಪಸ್ಸೆಂದು ದೇವರ ಮುಂದೆ ಹೇಳಿಕೊಳ್ಳಲು ನನಗೆ ಸ್ವಲ್ಪ ನಾಚಿಕೆಯೇ ಆಗುತ್ತದೆ. ನಮ್ಮ ಇಗರ್ಜಿಗೆ ಹೊಸದಾಗಿ ಬಂದ ಫಾದರ್ ಇದನ್ನು ಬೇಗ ಕಂಡುಕೊಂಡರು. ಚಿಕ್ಕ ವಯಸ್ಸಿನವರು, ಕನ್ನಡಕದವರು, ಮೆತ್ತಗೆ ಮಾತಾಡುವವರು. ತಪಸ್ಸುಕಾಲದ ಮೊದಲ ಭಾನುವಾರ ಅವರು ಪ್ರಬೋಧನೆಯಲ್ಲಿ, "ಈ ಸಲ ಮಾಂಸ ಬಿಟ್ಟರೆ ಬಿಡಿ, ಇಲ್ಲದಿದ್ದರೆ ಇಲ್ಲ. ಆದರೆ ಇನ್ನೊಬ್ಬರ ಪಾಪದ ಬಗ್ಗೆ ತೀರ್ಪು ಮಾಡುವುದನ್ನು ಬಿಡಿ. ಅದನ್ನು ಬಿಟ್ಟು ನೋಡಿ, ಹಸಿವು ಅಂದರೆ ಏನು ಅಂತ ಆಗ ಗೊತ್ತಾಗುತ್ತದೆ" ಎಂದರು. ಪಕ್ಕದವನ ಕಣ್ಣಿನ ಕಸ ತೆಗೆಯಲು ಹೊರಟವನ ಕಣ್ಣಲ್ಲೇ ಮರದ ದಿಮ್ಮಿ ಇರುವುದರ ಬಗ್ಗೆ ಯೇಸುಸ್ವಾಮಿ ಹೇಳಿದ್ದನ್ನು ವಿವರಿಸಿದರು. ನಾವೆಲ್ಲ ತಲೆದೂಗಿದೆವು. ದಿಮ್ಮಿಯ ಪ್ರಸ್ತಾಪ ಬಂದಾಗ ನಾನು ಯಾರ್ಯಾರ ಕಡೆ ನೋಡಿದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ.

ಎಲ್ಲರೂ ವ್ರತ ಹಿಡಿದೆವು. ಹಿಡಿದ ಮೇಲೆ ಅದರ ಕಷ್ಟ ಗೊತ್ತಾಯಿತು. ನಮ್ಮ ವಾರ್ಡಿನ, ಅಂದರೆ ಅಕ್ಕಪಕ್ಕದ ಕ್ರೈಸ್ತ ಮನೆಗಳ, ಜಪಮಾಲೆ ಪ್ರಾರ್ಥನೆ ವಾರಕ್ಕೊಮ್ಮೆ ಸಂಜೆ ಒಬ್ಬೊಬ್ಬರ ಮನೆಯಲ್ಲಿ ನಡೆಯುತ್ತದೆ. ಪ್ರಾರ್ಥನೆ ಬೇಗ ಮುಗಿಯುತ್ತದೆ. ಆಮೇಲಿನ ಚಾ ಬೇಗ ಮುಗಿಯುವುದಿಲ್ಲ. ಈ ಸಲ ಮಾತ್ರ ಚಾ ಲೋಟ ಹಿಡಿದು ಎಲ್ಲರೂ ಗೋಡೆ ನೋಡುತ್ತ ಕೂತೆವು. ಸೆಕೆ ಜಾಸ್ತಿ ಎಂದು ಒಬ್ಬರು ಹೇಳಿದರು. ಹೌದು, ಜಾಸ್ತಿ ಎಂದು ಇನ್ನೊಬ್ಬರು ಹೇಳಿದರು. ಇಷ್ಟು ವರ್ಷ ನಾವು ಅಕ್ಕಪಕ್ಕದಲ್ಲಿ ಇದ್ದು ಬೇರೆಯವರ ವಿಷಯ ಬಿಟ್ಟರೆ ಆಡಲು ನಮ್ಮಲ್ಲಿ ಮಾತೇ ಇರಲಿಲ್ಲ ಎಂಬುದು ತಿಳಿದು ನನಗೆ ಗಾಬರಿಯಾಯಿತು.

ಇದೇ ದಿನಗಳಲ್ಲಿ ನನಗೆ ಇನ್ನೊಂದು ತೊಂದರೆ ಶುರುವಾಗಿತ್ತು. ಮುಚ್ಚಿಡುವುದೇಕೆ, ಮೂಲವ್ಯಾಧಿ. ನೆಗಡಿ ಬಂದರೆ ಊರಿಗೆಲ್ಲ ಹೇಳಬಹುದು. ಸಕ್ಕರೆ ಕಾಯಿಲೆ ಬಂದರೆ ಒಂದು ಘನತೆಯೇ ಬರುತ್ತದೆ. ಮೂಲವ್ಯಾಧಿಯನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ನಮ್ಮ ಶಾಲೆಯಲ್ಲಿ ಹಿಂದೆ ಒಬ್ಬ ಡ್ರಾಯಿಂಗ್ ಮಾಸ್ತರರಿದ್ದರು. ಒಳ್ಳೆಯ ಕಲಾವಿದರು. ಒಮ್ಮೆ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ರಜೆಯ ಅರ್ಜಿಯಲ್ಲಿ ಪ್ರಾಮಾಣಿಕವಾಗಿ ಕಾರಣ ಬರೆದರು. ಅಂದಿನಿಂದ ನಿವೃತ್ತಿಯವರೆಗೂ ಅವರು ಹರ್ನಿಯಾ ಮಾಸ್ತರು. ಅವರ ಮಗಳ ಮದುವೆಯ ಕರೆಯೋಲೆ ಬಂದಾಗ ಅವರ ನಿಜವಾದ ಹೆಸರು ಯಾವುದೆಂದು ನಾವೇ ಒಬ್ಬರನ್ನೊಬ್ಬರು ಕೇಳಿಕೊಂಡೆವು. ನನಗೆ ಏನು ಹೆಸರು ಬಿದ್ದೀತೆಂದು ಯೋಚಿಸಿಯೇ ಬೆವರು ಬರುತ್ತಿತ್ತು. ಹೆಂಡತಿ ಲೂಸಿಗೆ ಮಾತ್ರ ಹೇಳಿದೆ. ಅವಳು ಕೂಡಲೇ ಮೆಣಸು, ಮಸಾಲೆ ಬಂದ್ ಮಾಡಿದಳು. ಮಾಂಸ ಹೇಗೂ ಬಂದ್ ಆಗಿತ್ತು. ನಮ್ಮ ಮನೆಯಲ್ಲಿ ಫಾದರ್ ಬಿಟ್ಟರೂ ಲೂಸಿ ಬಿಡುವವಳಲ್ಲ.

ಹೊನ್ನಾವರದಲ್ಲಿ ಡಾಕ್ಟರರಿಗೆ ತೋರಿಸುವ ಹಾಗಿರಲಿಲ್ಲ. ಕಂಪೌಂಡರ್ ನನ್ನ ವಿದ್ಯಾರ್ಥಿ. ಕುಮಟಾಕ್ಕೆ ಹೋಗೋಣವೆಂದರೆ ಅಲ್ಲಿ ಲೂಸಿಯ ಅಕ್ಕ ಇದ್ದಾಳೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದವನ ಸುದ್ದಿ ಅವಳ ಮನೆಗೆ ಅವನಿಗಿಂತ ಮೊದಲು ತಲುಪುತ್ತದೆ. ಉಳಿದದ್ದು ಭಟ್ಕಳ. ಅಲ್ಲಿ ಪ್ರತಿ ಬುಧವಾರ ಹೊರಗಿನಿಂದ ಒಬ್ಬ ಮೂಲವ್ಯಾಧಿ ತಜ್ಞರು ಬಂದು ಒಂದು ಲಾಡ್ಜಿನ ಮಹಡಿಯ ಕೋಣೆಯಲ್ಲಿ ರೋಗಿಗಳನ್ನು ನೋಡುತ್ತಾರೆಂದು ಪೇಪರಿನ ಮೂಲೆಯಲ್ಲಿ ಓದಿದ್ದೆ. ಬುಧವಾರ ರಜೆ ಹಾಕಿ ಬಸ್ಸು ಹತ್ತಿದೆ. ಶರಾವತಿ ಸೇತುವೆ ದಾಟುವುದರೊಳಗೆ ಒಬ್ಬ ಯುವಕ ಎದ್ದು, "ಮಾಸ್ತರೇ, ಕೂತ್ಕಳಿ" ಎಂದ. ಬೇಡ ಎಂದೆ. ಮಂಕಿಯಲ್ಲಿ ಇನ್ನೊಬ್ಬ ಎದ್ದ. ಬೇಡ ಎಂದೆ. ಮುರ್ಡೇಶ್ವರದ ಹತ್ತಿರ ಅರ್ಧ ಬಸ್ಸು ಖಾಲಿಯಾಗಿ ನಾನೊಬ್ಬನೇ ಕಂಬ ಹಿಡಿದು ನಿಂತಿದ್ದಾಗ ಕಂಡಕ್ಟರ್ ನನ್ನನ್ನು ಒಂದು ಥರ ನೋಡಿದ. ಬೆನ್ನುನೋವು ಎಂದೆ. ಅವನು ಕೇಳಿರಲಿಲ್ಲ.

ಲಾಡ್ಜಿನ ಮಹಡಿಯಲ್ಲಿ ಕೋಣೆಯ ಹೊರಗೆ ಉದ್ದನೆಯ ಬೆಂಚೊಂದು ಪೂರ್ತಿ ಖಾಲಿ ಇತ್ತು. ಅದರ ಪಕ್ಕದಲ್ಲಿ ಗೋಡೆಗೆ ಒರಗಿಕೊಂಡು ಒಬ್ಬ ಹೆಂಗಸು ನಿಂತಿದ್ದರು. ಖಾಲಿ ಬೆಂಚಿನ ಪಕ್ಕ ನಿಂತವರನ್ನು ಕಂಡಾಗಲೇ ನನಗೆ ಒಂದು ಆತ್ಮೀಯತೆ ಹುಟ್ಟಿತು. ಅವರು ಮುಖ ತಿರುಗಿಸಿದರು. ಸಿಸಿಲಿಯಾ ಬಾಯಿ! ನಮ್ಮ ವಾರ್ಡಿನವರೇ. ಗಂಡ ತೀರಿಕೊಂಡ ಮೇಲೆ ಮನೆಯಲ್ಲೇ ಓವನ್ ಇಟ್ಟು ಕೇಕು, ಬನ್ನು ಮಾಡಿ ಮಾರುತ್ತ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿರುವವರು. ಇಗರ್ಜಿಯ ಗಾಯನ ಮಂಡಳಿಯಲ್ಲಿ ಅವರದೇ ದೊಡ್ಡ ಕಂಠ. ಶುಭ ಶುಕ್ರವಾರದ ದಿನ ಶಿಲುಬೆಯ ಕೆಳಗೆ ನಿಂತು ಅವರು ಒಬ್ಬರೇ ಹಾಡುವ ಶೋಕಗೀತೆಗೆ ಕಲ್ಲಿನಂಥವರೂ ಕರ್ಚೀಫು ತೆಗೆಯುತ್ತಾರೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಮಾಸ್ತರೇ, ನೀವು ನನ್ನನ್ನ ನೋಡ್ಲಿಲ್ಲ" ಎಂದರು.

"ನೀವೂ ನನ್ನನ್ನ ನೋಡ್ಲಿಲ್ಲ ಬಾಯಿ" ಎಂದೆ.

"ಆತು" ಎಂದರು.

ನನ್ನ ಸರದಿ ಮುಗಿದು ಹೊರಗೆ ಬರುವಾಗ ಅವರು ಇನ್ನೂ ಕಾರಿಡಾರಿನಲ್ಲೇ ಇದ್ದರು. ಮುಖ ಬಿಳಿಚಿಕೊಂಡಿತ್ತು. ಇಂಜೆಕ್ಷನ್ನಿಗೆ ತಲೆ ತಿರುಗಿದೆಯಂತೆ. ಮೆಟ್ಟಿಲು ಕಡಿದಾಗಿತ್ತು, ಕತ್ತಲೂ ಇತ್ತು. ಕೈ ಕೊಟ್ಟೆ. ಅವರು ನನ್ನ ತೋಳು ಹಿಡಿದು ಮೆಲ್ಲಗೆ ಇಳಿದರು. ಬಿಸಿಲಿಗೆ ಬಂದಾಗಲೂ ಬಿಡಲಿಲ್ಲ. ಬಿಟ್ಟರೆ ಬೀಳುವ ಹಾಗಿದ್ದರು. ಒಂದು ರಿಕ್ಷಾ ಕರೆದು ಹತ್ತಿಸಿ, ಬಸ್‌ಸ್ಟ್ಯಾಂಡಿಗೆ ಹುಷಾರಾಗಿ ಬಿಡಪ್ಪಾ ಎಂದು ಡ್ರೈವರಿಗೆ ಹೇಳಿ, ನಾನು ಊರು ಸುತ್ತಿ ಬೇರೆ ಬಸ್ಸಿಗೆ ಬಂದೆ. ಒಂದು ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡೆ. ಎದುರಿನ ಬಟ್ಟೆ ಅಂಗಡಿಯ ಗಾಜಿನ ಹಿಂದೆ ನಮ್ಮ ವಾರ್ಡಿನ ಮುಖಂಡ ಇನಾಸಣ್ಣ ಮಗಳ ಮದುವೆಗೆ ಸೀರೆ ನೋಡುತ್ತ ನಿಂತಿದ್ದರೆಂಬುದು ನನಗೆ ಗೊತ್ತಿರಲಿಲ್ಲ.

ಮರುದಿನ ಸಂಜೆ ಇನಾಸಣ್ಣನ ಮನೆಯಲ್ಲಿ ಜಪಮಾಲೆ. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅವರು ಕಣ್ಣು ಮುಚ್ಚಿಕೊಂಡು, "ನಮ್ಮಲ್ಲೇ ಒಬ್ಬರು ಸಹೋದರರು ಪ್ರಲೋಭನೆಗೆ ಸಿಕ್ಕಿದ್ದಾರೆ. ಹೆಸರು ಹೇಳೂದಿಲ್ಲ. ಹೇಳಿದ್ರೆ ತೀರ್ಪು ಮಾಡಿದ ಹಾಗಾಗ್ತದೆ. ಅವರಿಗಾಗಿ ಎಲ್ಲ ಸೇರಿ ಪ್ರಾರ್ಥನೆ ಮಾಡ್ವ" ಎಂದರು. ಕೋಣೆಯಲ್ಲಿ ಒಂದು ನಿಟ್ಟುಸಿರು ಎದ್ದಿತು. ನಾನು ಕನ್ನಡ ಮಾಸ್ತರನಾದ್ದರಿಂದ ಸ್ವಂತ ಮಾತಿನ ಪ್ರಾರ್ಥನೆ ಯಾವಾಗಲೂ ನನ್ನ ಪಾಲಿಗೆ. ಎಲ್ಲರೂ ಸುಮ್ಮನಿದ್ದುದನ್ನು ಕಂಡು ನಾನೇ ಶುರು ಮಾಡಿದೆ. "ಸ್ವಾಮೀ, ದಾರಿ ತಪ್ಪಿದ ಆ ನಮ್ಮ ಸಹೋದರನ ಕಣ್ಣು ತೆರೆಸು. ಅವನು ಮರೆಯಲ್ಲಿ ಮಾಡಿದ್ದು ನಿನಗೆ ಕಾಣುತ್ತದೆ. ಅವನ ಬಡಪಾಯಿ ಹೆಂಡತಿಗೆ ಇದನ್ನು ತಾಳಿಕೊಳ್ಳುವ ಶಕ್ತಿ ಕೊಡು." ಪಕ್ಕದಲ್ಲಿದ್ದ ಲೂಸಿ ಗಟ್ಟಿಯಾಗಿ ಆಮೆನ್ ಎಂದಳು. ಹಿಂದೆ ಯಾರೋ ಬಿಕ್ಕಿದರು. ನನ್ನ ಪ್ರಾರ್ಥನೆ ಇಷ್ಟು ಪರಿಣಾಮ ಮಾಡಿದ್ದು ಅದೇ ಮೊದಲು. ನನಗೆ ಒಳಗೊಳಗೇ ಸಂತೋಷವಾಯಿತು.

ಮನೆಗೆ ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಯಾರಿರಬಹುದು? "ಬೋಸ್ಕೊ ಇರಬಹುದಾ?" ಎಂದೆ. ಬೋಸ್ಕೊ ಗಾಯನ ಮಂಡಳಿಗೆ ಕೀಬೋರ್ಡ್ ಬಾರಿಸುವವನು. ಇತ್ತೀಚೆಗೆ ಅಂಗಿಗೆ ಸೆಂಟು ಹಾಕಿಕೊಳ್ಳುತ್ತಿದ್ದ. "ತೀರ್ಪು ಮಾಡ್ಬಾರ್ದು" ಎಂದಳು ಲೂಸಿ. "ತೀರ್ಪಲ್ಲ, ಊಹೆ" ಎಂದೆ. ಆ ಊಹೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬೋಸ್ಕೊ ಪೂಜೆಯ ನಡುವೆ ಎರಡು ಸ್ವರ ತಪ್ಪಿದರೆ, ಪಾಪ, ಮನಸ್ಸಿನಲ್ಲಿ ಎಷ್ಟು ಗೊಂದಲವಿದೆಯೋ ಎಂದುಕೊಂಡೆ. ಅವನ ಹೆಂಡತಿ ಕೆಮ್ಮಿದರೆ ಕಣ್ಣಲ್ಲಿ ನೀರು ಬಂತು. ಕೊನೆಗೆ ತಡೆಯಲಾಗದೆ ಭಾನುವಾರ ಇಗರ್ಜಿಯ ಅಂಗಳದಲ್ಲಿ ಅವನ ಹೆಗಲ ಮೇಲೆ ಕೈ ಇಟ್ಟು, "ಬೋಸ್ಕೊ, ಏನೇ ಇರಲಿ, ನಾನಿದ್ದೇನೆ" ಎಂದೆ. ಬೋಸ್ಕೊ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು. "ಇಂಥಾ ಹೊತ್ತಲ್ಲೂ ನಿಮಗೆ ಬೇರೆಯವರ ಚಿಂತೆ, ಮಾಸ್ತರೇ! ನಾವು ಮನೇಲಿ ದಿನಾ ನಿಮ್ಮ ಹೆಸರು ಹೇಳಿ ಪ್ರಾರ್ಥನೆ ಮಾಡ್ತಾ ಇದ್ದೇವೆ."

"ನನ್ನ ಹೆಸರು? ಎಂತಕ್ಕೆ?"

"ಎಂತಕ್ಕೂ ಇಲ್ಲ" ಎಂದು ಅವನು ಕೀಬೋರ್ಡಿನ ಚೀಲ ಎತ್ತಿಕೊಂಡು ಹೋಗಿಯೇಬಿಟ್ಟ.

ಆಗ ಒಂದೊಂದೇ ನೆನಪಿಗೆ ಬಂತು. ಎರಡು ಮನೆಗಳಿಂದ ಕಾರಣವಿಲ್ಲದೆ ಮೀನುಸಾರು ಬಂದದ್ದು. ಪೂಜೆಯಲ್ಲಿ ಅಕ್ಕಪಕ್ಕದವರಿಗೆ ಶಾಂತಿ ಕೋರಿ ಕೈಕುಲುಕುವಾಗ ಜನ ನನ್ನ ಕೈಯನ್ನು ಮಾಮೂಲಿಗಿಂತ ಜಾಸ್ತಿ ಹೊತ್ತು ಹಿಡಿದುಕೊಂಡದ್ದು. ನೆಟ್ಟಗೆ ಇನಾಸಣ್ಣನ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದರು. ನನ್ನನ್ನು ಕಂಡವರೇ ಎದ್ದು ಕುರ್ಚಿ ಎಳೆದರು. ಕೂರುವುದಿಲ್ಲ ಎಂದೆ. "ನಿಮ್ಮ ಸಂಕಟ ಗೊತ್ತಾಗ್ತದೆ" ಎಂದರು. ನಿಜಕ್ಕೂ ಗೊತ್ತಾಗಿದ್ದರೆ ಕುರ್ಚಿ ಎಳೆಯುತ್ತಿರಲಿಲ್ಲ. ಆಮೇಲೆ ದನಿ ಇಳಿಸಿ, "ಮಾಸ್ತರೇ, ಬುಧವಾರ ನಾನೂ ಭಟ್ಕಳಕ್ಕೆ ಹೋಗಿದ್ದೆ. ಸೀರೆ ಅಂಗಡೀಲಿದ್ದೆ. ಲಾಡ್ಜಿನ ಎದುರಿಗೆ" ಎಂದರು.

"ಇನಾಸಣ್ಣ, ಅದು ನೀವು ಅಂದ್ಕಂಡ ಹಾಗಲ್ಲ—"

ಅವರು ಬಲೆ ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡರು. "ಬ್ಯಾಡ! ಹೇಳ್ಬ್ಯಾಡಿ. ಕೇಳಿದ್ರೆ ನಾನು ಅದು ಸರಿಯೋ ತಪ್ಪೋ ಅಂತ ಯೋಚನೆ ಮಾಡ್ಬೇಕಾಗ್ತದೆ. ನಾನು ವ್ರತ ಹಿಡಿದಿದ್ದೇನೆ. ಕಲ್ಲು ಹೊಡೆಯೂಕೆ ನಾನು ಯಾರು?"

"ಕಲ್ಲು ಹೊಡೀರಿ ಮಾರಾಯ್ರೆ, ಆದರೆ ಒಂದು ಮಾತು ಕೇಳಿ!"

"ಕೇಳೂದಿಲ್ಲ" ಎಂದರು ಇನಾಸಣ್ಣ. ಅವರ ಮುಖದಲ್ಲಿ ಸಂತರ ಪಟಗಳಲ್ಲಿ ಕಾಣುವಂಥ ಒಂದು ಶಾಂತಿ ಇತ್ತು.

ಹೇಳಲು ಬಿಟ್ಟಿದ್ದರೂ ನಾನು ಏನು ಹೇಳುತ್ತಿದ್ದೆ? ನನ್ನ ಮೂಲವ್ಯಾಧಿಯನ್ನು ಹೇಳಿದರೆ ಸಿಸಿಲಿಯಾ ಬಾಯಿ ಅಲ್ಲಿ ಏಕಿದ್ದರೆಂಬುದನ್ನೂ ಹೇಳಬೇಕಾಗುತ್ತಿತ್ತು. ನೋಡಲಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೆ. ಊರ ಕಣ್ಣಿನಲ್ಲಿ ನಾನು ಪಾಪಿಯಾಗಿರಬೇಕೋ ರೋಗಿಯಾಗಬೇಕೋ ಎಂಬ ಪ್ರಶ್ನೆ ಬಂದರೆ, ನಿಜ ಹೇಳುತ್ತೇನೆ, ಮೊದಲ ದಿನ ನನಗೆ ಪಾಪಿಯೇ ವಾಸಿ ಎನ್ನಿಸಿತು. ಪಾಪಿಗೆ ಮೀನುಸಾರು ಬರುತ್ತದೆ. ಆದರೆ ಮನಸ್ಸಿನ ಕಳವಳ ಹಾಗೆ ಬಿಡಬೇಕಲ್ಲ! ಶಾಲೆಯಲ್ಲಿ ಯಾರಾದರೂ ನಕ್ಕರೆ ನನ್ನನ್ನೇ ನೋಡಿ ನಕ್ಕರೆಂದು ಅನ್ನಿಸತೊಡಗಿತು. ಲೂಸಿಗೆ ವಿಷಯ ತಲುಪಿದೆಯೋ ಇಲ್ಲವೋ ಗೊತ್ತಿರಲಿಲ್ಲ. ಒಂದು ಸಂಜೆ ಧೈರ್ಯ ಮಾಡಿ, "ನನ್ನ ಬಗ್ಗೆ ಯಾರಾದರೂ ಏನಾದರೂ ಹೇಳಿದರಾ?" ಎಂದು ಕೇಳಿದೆ. ಅವಳು ಗಂಜಿ ತಿರುವುತ್ತ, "ಹೇಳಿದರು. ನನಗೂ ಒಂದು ಅನುಮಾನ ಉಂಟು. ಆದರೆ ತಪಸ್ಸುಕಾಲ ಮುಗಿಯೂವರೆಗೆ ಕೇಳೂದಿಲ್ಲ ಅಂತ ಮಾಡಿದ್ದೇನೆ" ಎಂದಳು. ಅಷ್ಟು ಹೇಳಿ ಉಪ್ಪು ಹಾಕಿದಳು. ಆ ದಿನದಿಂದ ನನಗೆ ಗಂಜಿಯೂ ಇಳಿಯಲಿಲ್ಲ.

ಪಾಪನಿವೇದನೆಗೆ ಹೋದರೆ ಸಮಾಧಾನವಾದೀತೆಂದು ಶನಿವಾರ ಇಗರ್ಜಿಗೆ ಹೋದೆ. ಜಾಲರಿಯ ಆಚೆ ಫಾದರ್. ಈಚೆ ಮೊಣಕಾಲೂರಿ ನಾನು. ಕೋಪ, ಸಣ್ಣಪುಟ್ಟ ಸುಳ್ಳು, ಸ್ಟಾಫ್ ಮೀಟಿಂಗಿನಲ್ಲಿ ನಿದ್ದೆ, ಇದ್ದದ್ದನ್ನೆಲ್ಲ ಹೇಳಿದೆ. "ಬೇರೆ ಏನಾದರೂ?" ಎಂದರು. ಇಲ್ಲ ಎಂದೆ. ಅವರು ಸುಮ್ಮನಾದರು. ಬಹಳ ಹೊತ್ತು ಸುಮ್ಮನಿದ್ದರು. ಹೊರಗೆ ಸಾಲಿನಲ್ಲಿ ನಿಂತವರು ಕೆಮ್ಮತೊಡಗಿದರು. "ಅವಸರ ಇಲ್ಲ ಮಾಸ್ತರೇ, ನೆನಪು ಮಾಡಿಕೊಳ್ಳಿ. ದೇವರ ಕರುಣೆ ದೊಡ್ಡದು." ಅವರ ಕಿವಿಗೂ ಬಿದ್ದಿದೆ ಎಂದು ನನಗೆ ತಿಳಿಯಿತು. ಮಾಡದ ಪಾಪವನ್ನು ಹೇಳುವ ಹಾಗಿಲ್ಲ, ಅದು ಸುಳ್ಳು. ಹೇಳದೆ ಎದ್ದರೆ ಮುಚ್ಚಿಟ್ಟ ಹಾಗೆ. ಅಂತೂ ಎದ್ದು ಹೊರಗೆ ಬಂದಾಗ ಬೆವರಿನಿಂದ ಅಂಗಿ ಒದ್ದೆಯಾಗಿತ್ತು. ಇಷ್ಟು ಹೊತ್ತು ಒಳಗಿದ್ದವನನ್ನು ಸಾಲಿನವರೆಲ್ಲ ಗೌರವದಿಂದ ನೋಡಿ ದಾರಿ ಬಿಟ್ಟರು.

ಇಷ್ಟೂ ದಿನ ನಾನು ನನ್ನ ಚಿಂತೆಯಲ್ಲೇ ಮುಳುಗಿದ್ದೆ. ಸಿಸಿಲಿಯಾ ಬಾಯಿಯ ಗತಿ ಏನೆಂದು ವಿಚಾರಿಸಿರಲಿಲ್ಲ. ಮನೆಗೆ ಹೋದರೆ ಅದೊಂದು ಸುದ್ದಿಯಾಗುತ್ತದೆಂಬ ಭಯ. ಅವರು ಸಿಕ್ಕಿದ್ದು ಮೀನು ಪೇಟೆಯಲ್ಲಿ, ಎಲ್ಲರ ಎದುರಿಗೆ. ನಾನು ಪರಿಚಯವಿಲ್ಲದವನ ಹಾಗೆ ಬಂಗಡೆಯ ಬುಟ್ಟಿ ನೋಡುತ್ತ ಸರಿಯುತ್ತಿದ್ದೆ. ಅವರೇ ಬಂದು ಎದುರಿಗೆ ನಿಂತರು.

"ಮಾಸ್ತರೇ, ನಿಮ್ಮ ಮನೆಗೆ ಸಾರು ಬರ್ತದೆ ಅಂತ ಕೇಳಿದೆ, ಹೌದಾ?"

ತಲೆ ತಗ್ಗಿಸಿದೆ.

"ನನ್ನ ಮನೆಗೆ ಎಂತ ಬರೂದಿಲ್ಲ. ಈಸ್ಟರಿಗೆ ಕೇಕು ಬೇಕು ಅಂದವರು ಒಬ್ಬೊಬ್ರೇ ಬ್ಯಾಡ ಅಂತಿದ್ದಾರೆ. ಒಬ್ರು ಸಕ್ಕರೆ ಬಿಟ್ಟಿದ್ದಾರಂತೆ. ಒಬ್ರು ಮೈದಾ ಬಿಟ್ಟಿದ್ದಾರಂತೆ. ಶುಭ ಶುಕ್ರವಾರದ ಹಾಡು ಈ ಸಲ ಬೇರೆಯವರು ಹಾಡ್ಲಿ, ನೀವು ವಿಶ್ರಾಂತಿ ತಕಳಿ ಅಂತ ಫಾದರ್ ಹೇಳಿ ಕಳಿಸಿದ್ರು. ಮಗಳು ಕುಮಟಾ ಕಾಲೇಜಿನಿಂದ ಅಳ್ತಾ ಬಂದಳು. ಯಾರೂ ಒಂದು ಕೆಟ್ಟ ಮಾತು ಆಡ್ಲಿಲ್ಲ ಮಾಸ್ತರೇ. ಆಡಿದ್ರೆ ನಾನು ಅಲ್ಲೇ ಉತ್ತರ ಕೊಡ್ತಿದ್ದೆ."

ಒಂದೇ ಮೆಟ್ಟಿಲಿಳಿದು ಬಂದವರು ನಾವಿಬ್ಬರು. ಅದೇ ಕರುಣೆ ನನ್ನ ಮನೆಗೆ ಪಾತ್ರೆಯಲ್ಲಿ ಬರುತ್ತಿತ್ತು, ಅವರ ಮನೆಯ ಅನ್ನ ಕಸಿಯುತ್ತಿತ್ತು. ಅದು ಹೊಳೆಯದೆ ನಾನು ಸಾರಿನಲ್ಲಿ ಹುಳಿ ಜಾಸ್ತಿಯೆಂದು ದೂರುತ್ತಿದ್ದೆ. "ಬಾಯಿ, ನೀವು ಹೂಂ ಅಂದರೆ ನಾನು ಎಲ್ಲರಿಗೂ ಹೇಳಿಬಿಡುತ್ತೇನೆ" ಎಂದೆ.

"ನೀವು ಹೇಳಿದ್ರೆ ಮುಚ್ಚಿ ಹಾಕೂಕೆ ಹೇಳ್ತಾರೆ ಅಂತಾರೆ. ನಾನೇ ಹೇಳ್ತೇನೆ" ಎಂದು ಬಂಗಡೆ ಕೊಳ್ಳದೆ ಹೋದರು.

ಫಾದರ್ ಬರುತ್ತಾರೆಂದು, ಸರದಿ ಬಿಟ್ಟು, ಆ ವಾರದ ಪ್ರಾರ್ಥನೆ ಮತ್ತೆ ಮುಖಂಡ ಇನಾಸಣ್ಣನ ಮನೆಯಲ್ಲಿ. ಸಿಸಿಲಿಯಾ ಬಾಯಿ ಬಾಗಿಲ ಹತ್ತಿರ ನಿಂತಿದ್ದರು, ನಾನು ಕಿಟಕಿಯ ಹತ್ತಿರ ನಿಂತಿದ್ದೆ. ನಮ್ಮಿಬ್ಬರ ನಡುವೆ ವಾರ್ಡೆಲ್ಲ ಕೂತಿತ್ತು. ಫಾದರ್ ಅಂದು ಬೈಬಲಿನಲ್ಲಿ ಬರುವ, ಪರಪುರುಷನ ಜೊತೆ ಸಿಕ್ಕಿಬಿದ್ದ ಹೆಂಗಸಿನ ಕಥೆ ಹೇಳಿದರು. ಜನ ಅವಳಿಗೆ ಕಲ್ಲು ಹೊಡೆಯಲು ಬಂದದ್ದು, ನಿಮ್ಮಲ್ಲಿ ಪಾಪ ಮಾಡದವನು ಮೊದಲು ಹೊಡೆಯಲಿ ಎಂದು ಯೇಸುಸ್ವಾಮಿ ಹೇಳಿದ್ದು, ಎಲ್ಲರೂ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದ್ದು. ಹೇಳಿ ಮುಗಿಸಿ, ಯಾರಿಗಾದರೂ ಏನಾದರೂ ಹಂಚಿಕೊಳ್ಳುವುದಿದೆಯೇ ಎಂದು ಕೇಳಿದರು. ಸಾಧಾರಣವಾಗಿ ಆಗ ಯಾರೂ ಬಾಯಿ ಬಿಡುವುದಿಲ್ಲ, ಚಾ ಬರುತ್ತದೆ.

"ನನಗೊಂದು ಪ್ರಶ್ನೆ ಉಂಟು ಫಾದರ್" ಎಂದರು ಸಿಸಿಲಿಯಾ ಬಾಯಿ. "ಕಲ್ಲು ಕೆಳಗೆ ಹಾಕಿ ಎಲ್ಲ ಹೋದ್ರಲ್ಲ, ಮರುದಿನ ಅವಳ ಕೈಯಿಂದ ಯಾರಾದ್ರೂ ರೊಟ್ಟಿ ತಕಂಡ್ರಾ?"

ಒಳಗಿನಿಂದ ಚಾ ತಟ್ಟೆ ತಂದ ಇನಾಸಣ್ಣನ ಹೆಂಡತಿ ಹೊಸ್ತಿಲಲ್ಲೇ ನಿಂತಳು.

"ನನಗೆ ಇಲ್ಲಿ ಯಾರೂ ಕಲ್ಲು ಹೊಡೀಲಿಲ್ಲ. ಕೇಕು ಬ್ಯಾಡ ಅಂದ್ರಿ, ಹಾಡ್ಬ್ಯಾಡ ಅಂದ್ರಿ. ನಾನು ಭಟ್ಕಳದ ಲಾಡ್ಜಿಗೆ ಹೋಗಿದ್ದು ಹೌದು. ಅಲ್ಲಿ ಬುಧವಾರ ಮೂಲವ್ಯಾಧಿ ಡಾಕ್ಟರು ಬರ್ತಾರೆ. ನನಗೆ ಮೂಲವ್ಯಾಧಿ. ಇಡೀ ದಿನ ಓವನ್ನಿನ ಎದುರಿಗೆ ಇದ್ದು ಇದ್ದು ಬಂತು. ತಲೆ ತಿರುಗ್ತು ಅಂತ ಮಾಸ್ತರು ಕೈ ಹಿಡ್ಕಂಡು ಇಳಿಸಿದ್ರು. ಮಾಸ್ತರು ಅಲ್ಲಿ ಎಂತಕ್ಕೆ ಬಂದಿದ್ರು ಅಂತ ಅವ್ರೇ ಹೇಳ್ಲಿ."

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕಣ್ಣೆದುರಿಗೆ ಶಾಲೆಯ ಮೂತ್ರಖಾನೆಯ ಗೋಡೆ, ಅದರ ಮೇಲೆ ಇದ್ದಿಲಲ್ಲಿ ಬರೆಯಬಹುದಾದ ನನ್ನ ಹೊಸ ಹೆಸರು, ಎಲ್ಲ ಬಂದು ಹೋಯಿತು. ಬಾಗಿಲಲ್ಲಿ ನಿಂತ ಆ ಹೆಂಗಸು ನನ್ನಿಂದ ಬೇರೇನನ್ನೂ ಕೇಳುತ್ತಿರಲಿಲ್ಲ, ಒಂದು ನಿಜವನ್ನು ಮಾತ್ರ. "ನನಗೂ ಅದೇ" ಎಂದೆ. ದನಿ ಹೊರಟಿತೋ ಇಲ್ಲವೋ ಎಂಬ ಅನುಮಾನದಲ್ಲಿ ಇನ್ನೊಮ್ಮೆ, ತರಗತಿಯ ದನಿಯಲ್ಲಿ, "ನನಗೂ ಮೂಲವ್ಯಾಧಿ! ಅವರಿಗಿಂತ ಜಾಸ್ತಿ!" ಎಂದು ಕೂಗಿದೆ. ಪಕ್ಕದ ಮನೆಯ ನಾಯಿ ಬೊಗಳಿತು.

ಮೊದಲು ನಕ್ಕಿದ್ದು ಸಿಸಿಲಿಯಾ ಬಾಯಿ. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅದು ನಗುವಿನ ನೀರೊಂದೇ ಆಗಿರಲಿಲ್ಲ. ಇನಾಸಣ್ಣ ಕೆಂಪಗಾಗಿ, "ನಾನು ಯಾರ ಹೆಸರೂ ಹೇಳ್ಲಿಲ್ಲ. ಕನ್ನಡ ಮಾಸ್ತರು, ಕೇಕಿನ ಬಾಯಿ ಅಂದೆ, ಅಷ್ಟೇ" ಎಂದರು. "ಹೇಳಿದ್ರೆ ಒಳ್ಳೇದಿತ್ತು ಇನಾಸಣ್ಣ. ನನ್ನ ಮನೆ ನಿಮ್ಮ ಮನೆಗೆ ಎಂತ ದೂರ? ಬಂದು ಒಂದು ಮಾತು ಕೇಳಿದ್ರೆ ಆಗ್ತಿತ್ತು" ಎಂದರು ಸಿಸಿಲಿಯಾ ಬಾಯಿ. ಫಾದರ್ ಎದ್ದು ನಿಂತರು. "ಹಾಡು ಬದಲಿಸಿದ್ದು ನಾನು. ಎಲ್ಲರ ಮಾತು ಕೇಳಿದೆ, ನಿಮ್ಮನ್ನು ಮಾತ್ರ ಕೇಳಲಿಲ್ಲ. ತಪ್ಪಾಯಿತು ಬಾಯಿ. ಹಾಡು ನೀವೇ ಹಾಡಬೇಕು" ಎಂದು ಕೈಮುಗಿದರು. ಆ ಹುಡುಗ ವಯಸ್ಸಿನ ಪಾದ್ರಿ ಎಲ್ಲರೆದುರು ಹಾಗೆ ನಿಂತದ್ದು ನನಗೆ ಅವರ ಎಲ್ಲ ಪ್ರಬೋಧನೆಗಳಿಗಿಂತ ಚೆನ್ನಾಗಿ ನೆನಪಿದೆ. ಸಿಸಿಲಿಯಾ ಬಾಯಿ ಕೂಡಲೇ ಹೂಂ ಅನ್ನಲಿಲ್ಲ. ನೋಡ್ವ ಎಂದರು. ಶುಭ ಶುಕ್ರವಾರ ಹಾಡಿದರು. ಈಸ್ಟರಿನ ಕೇಕಿಗೆ ಮಾತ್ರ ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳಲಿಲ್ಲ. ಮನೆಗೆ ಬಂದು, ಮುಖ ನೋಡಿ ಕೇಳಿದವರಿಗೆ ಕೊಟ್ಟರು. ಇನಾಸಣ್ಣ ಎರಡು ಸಲ ಹೋಗಬೇಕಾಯಿತು.

ಆ ಸಂಜೆ ಚಾ ಮುಗಿಯುವಾಗ ನಾಲ್ಕಾರು ಜನ ಒಬ್ಬರಿಗೊಬ್ಬರು ಕಾಣದಂತೆ ನನ್ನ ಹತ್ತಿರ ಬಂದು, ಡಾಕ್ಟರರು ಎಷ್ಟು ಗಂಟೆಗೆ ಬರುತ್ತಾರೆಂದು ಕೇಳಿದರು. ನಮ್ಮ ವಾರ್ಡಿನಲ್ಲಿ ಇಷ್ಟು ಜನ ಇಷ್ಟು ವರ್ಷ ನೋವು ನುಂಗಿಕೊಂಡು ಕೂತಿದ್ದರೆಂದು ಯಾರಿಗೆ ಗೊತ್ತಿತ್ತು!

ಹಗುರಾಗಿ ಮನೆಗೆ ಹೊರಟೆ. ಲೂಸಿ ಪಕ್ಕದಲ್ಲಿ ನಡೆಯುತ್ತಿದ್ದಳು. "ನೀನೂ ಅನುಮಾನ ಪಟ್ಟೆಯಲ್ಲ?" ಎಂದೆ, ಸ್ವಲ್ಪ ನೊಂದವನ ದನಿಯಲ್ಲಿ.

"ಸಿಸಿಲಿಯಾ ಬಾಯಿ ಜೊತೆಗಾ? ನೀವಾ?" ಎಂದು ಲೂಸಿ ನಿಂತುಬಿಟ್ಟಳು. ಅವಳಿಗೆ ನಗು ತಡೆಯಲಾಗಲಿಲ್ಲ. "ಒಂದು ದಿನವೂ ಇಲ್ಲ. ನಿಮ್ಮ ಕೈಯಲ್ಲಿ ಅದೆಲ್ಲ ಆಗ್ತದಾ?"

ಆಗುವುದಿಲ್ಲ ಎಂಬುದು ನನಗೂ ಗೊತ್ತು. ಆದರೂ ಅವಳು ಅಷ್ಟು ಬೇಗ ಹೇಳಬೇಕಾಗಿರಲಿಲ್ಲ. "ಮತ್ತೆ ಎಂತ ಅನುಮಾನ?" ಎಂದೆ.

"ಭಟ್ಕಳಕ್ಕೆ ಹೋದವರು ಬಿರಿಯಾನಿ ತಿಂದಿದ್ದೀರಿ ಅಂತ."

ಬೇರೆ ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿತ್ತು ಎಂದು ಹೇಳಲು ನೋಡಿದೆ. ಹೋಟೆಲಿನ ಬಾಗಿಲಲ್ಲಿ ಆ ಪರಿಮಳ ಹೇಗಿತ್ತೆಂದು ವಿವರಿಸಲು ನೋಡಿದೆ. ತಪಸ್ಸುಕಾಲ, ಡಾಕ್ಟರರ ಪಥ್ಯ, ಎರಡನ್ನೂ ಒಂದೇ ತಟ್ಟೆಯಲ್ಲಿ ಮುರಿದವನಿಗೆ ಕಾರಣಗಳು ಸರಿಯಾಗಿ ಹೊಂದಿಬರಲಿಲ್ಲ.

"ಅಂಗಿ ತೊಳೆದವಳು ನಾನು" ಎಂದಳು ಲೂಸಿ. "ಮಸಾಲೆಯ ಎಣ್ಣೆ ಎಷ್ಟು ತಿಕ್ಕಿದರೂ ಹೋಗೂದಿಲ್ಲ."

"ಹಾಗಾದರೆ ಬೈಯಿ" ಎಂದೆ. "ಬೈದು ಮುಗಿಸಿಬಿಡು."

ಅವಳು ಬೈಯಲಿಲ್ಲ. ತೀರ್ಪು ಕೊಡುವುದಿಲ್ಲವೆಂದು ವ್ರತ ಹಿಡಿದವಳು, ಕೊಡಲೂ ಇಲ್ಲ. ಈಸ್ಟರ್ ಹಬ್ಬದ ಮಧ್ಯಾಹ್ನ, ಊರಿನ ಕ್ರೈಸ್ತರ ಮನೆಗಳಿಂದೆಲ್ಲ ಕೋಳಿ ಸಾರಿನ ಘಮ ಬರುತ್ತಿದ್ದಾಗ, ನನ್ನ ಮುಂದೆ ಗಂಜಿಯ ಬಟ್ಟಲು ಇಟ್ಟು, ಪಕ್ಕದಲ್ಲಿ ಕೂತು, ಬಹಳ ಪ್ರೀತಿಯಿಂದ, "ಇನ್ನೂ ಸ್ವಲ್ಪ ಹಾಕ್ಲಾ?" ಎಂದು ಕೇಳಿದಳು.